ಕೂತವರೆಲ್ಲ ಬರೆಯಬೇಕು

ಮಾರ್ಚ್ ೯, ಸೋಮವಾರ

ಪ್ರೀತಿಯ ಗೆಳತಿಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮಿಸು. ಮರೆತಿರಲಿಲ್ಲ, ಉದಾಸೀನವಂತೂ ಅಲ್ಲವೇ ಅಲ್ಲ. ಲಕೋಟೆಯ ಮೇಲಿನ ವಿಳಾಸ ಕಂಡು, ಇದು ಯಾವ ಮಗುವಿನ ಕೆಲಸವೆಂದು ಹಿಂದೆ ಮುಂದೆ ತಿರುಗಿಸಿ ನೋಡಿರುತ್ತೀ. ಆ ಮಾತು ಕೊನೆಗಿರಲಿ. ನಿನ್ನ ಮಂಡಿನೋವು ಈಗ ಹೇಗಿದೆ? ಮೆಟ್ಟಿಲು ಹತ್ತುವ ಸಾಹಸ ಬಿಟ್ಟೆಯೋ ಇಲ್ಲವೋ?

ಒಂದು ವಿಚಾರ ತಲೆ ಹೊಕ್ಕಿದೆ. ಅದನ್ನು ನಿನಗಲ್ಲದೆ ಇನ್ನಾರಿಗೆ ಹೇಳಲಿ? ನಾವಿಬ್ಬರೂ ಅಕ್ಕಪಕ್ಕದ ಕೊಠಡಿಗಳಲ್ಲಿ ಪಾಠ ಮಾಡಿದವರು, ಯಾರ ಮಕ್ಕಳ ಅಕ್ಷರ ಹೆಚ್ಚು ದುಂಡಗೆಂದು ಪೈಪೋಟಿ ನಡೆಸಿದವರು. ಮಕ್ಕಳು ನಿನಗೆ ‘ಕಾಗುಣಿತದಮ್ಮ’ ಎಂದೂ ನನಗೆ ‘ಅಡಿಕೋಲು’ ಎಂದೂ ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ನನ್ನ ಸೊಸೆ ಎರಡನೆಯ ತರಗತಿಗೆ ಕಲಿಸುತ್ತಾಳೆಂಬುದು ನಿನಗೆ ಗೊತ್ತು. ಅವಳ ಮಕ್ಕಳು ಬರೆಯುವ ಗಂಟೆಗಾಗಿ ಕಾಯುತ್ತಾರಂತೆ. ನಮ್ಮ ಕಾಲದಲ್ಲಿ ಮಕ್ಕಳು ಕಾಯುತ್ತಿದ್ದುದು ಮನೆಗೆ ಬಿಡುವ ಗಂಟೆಗಾಗಿ. ಇದರ ಗುಟ್ಟೇನೆಂದು ನೋಡಿಯೇ ಬಿಡೋಣವೆಂದು ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ.

ಅಲ್ಲಿ ಮಗು ತಾನು ಬರೆಯಬೇಕೆಂದಿರುವ ವಾಕ್ಯವನ್ನು ಮೊದಲು ಪಕ್ಕದ ಮಗುವಿನ ಕಿವಿಯಲ್ಲಿ ಹೇಳುತ್ತದೆ. ಕೇಳಿದ ಮಗು ಒಂದು ಪ್ರಶ್ನೆ ಕೇಳಬೇಕು. ಪೆನ್ಸಿಲ್ಲಿನ ಸರದಿ ಆಮೇಲೆ. ರಬ್ಬರುಗಳೆಲ್ಲ ಮೇಜಿನ ಡಬ್ಬಿ ಸೇರಿರುತ್ತವೆ. ತಪ್ಪಾದ ಪದಕ್ಕೆ ಒಂದು ಗೆರೆ ಎಳೆದರಾಯಿತು. ಸೊಸೆಯೂ ಕರಿಹಲಗೆಯ ಮೇಲೆ ಬರೆಯುತ್ತ, ಇದು ಸರಿಹೋಗಲಿಲ್ಲ, ಬೇರೆ ಪದ ಹುಡುಕುತ್ತೇನೆ ಎಂದು ಎಲ್ಲರಿಗೂ ಕೇಳುವಂತೆ ಯೋಚಿಸುತ್ತಾಳೆ. ನನಗೆ ಮೈ ಪರಚಿಕೊಳ್ಳುವಂತಾಯಿತು. ತಪ್ಪುಗಳನ್ನು ಇಷ್ಟು ಮುದ್ದಿನಿಂದ ಸಾಕುತ್ತೀಯಲ್ಲ ಎಂದು ಸಂಜೆ ಕೇಳಿದೆ.

“ಇವತ್ತು ಬರೀಲಿ ಅತ್ತೆ, ನಾಳೆ ತಿದ್ದೋಣ,” ಎಂದಳು. “ಬರೀದೇ ಇರೋದನ್ನ ಹೇಗೆ ತಿದ್ದೋದು?”

ಮರುದಿನ ಮತ್ತೆ ಹೋದೆ. ಆಮೇಲೆ ದಿನವೂ ಹೋಗತೊಡಗಿದೆ.

ಮುಂದಿನ ಬೆಂಚಿನಲ್ಲಿ ದರ್ಜಿಯ ಮಗಳೊಬ್ಬಳಿದ್ದಾಳೆ. ಬಾಯಿ ಬಿಟ್ಟರೆ ಅರಳು ಹುರಿದಂತೆ ಮಾತು; ಪೆನ್ಸಿಲ್ಲು ಹಿಡಿದರೆ ಕಲ್ಲು. ಡಬ್ಬಿಯಿಂದ ರಬ್ಬರು ಕದ್ದು ಒಂದೊಂದು ಅಕ್ಷರವನ್ನೂ ಹಾಳೆ ಹರಿಯುವವರೆಗೆ ಉಜ್ಜುತ್ತಾಳೆ. ತನ್ನ ಕೈಯಾರೆ ಒಂದು ಪುಟ ಬರೆಯದಿದ್ದರೆ ಈ ವರ್ಷ ಮೇಲಿನ ತರಗತಿಗೆ ಕಳಿಸುವುದಿಲ್ಲವೆಂದು ಮುಖ್ಯೋಪಾಧ್ಯಾಯರು ಹೇಳಿಬಿಟ್ಟಿದ್ದರು. ಗೆಳತಿಯರೆಲ್ಲ ಮುಂದೆ ಹೋಗಿ ತಾನೊಬ್ಬಳೇ ಉಳಿದುಬಿಡುವೆನೆಂಬ ಚಿಂತೆಯಲ್ಲಿ ಅವಳ ಕೈ ಇನ್ನಷ್ಟು ಬಿಗಿಯಿತು.

ಆ ತರಗತಿಗೊಂದು ಕಟ್ಟಳೆಯಿದೆ: ಒಳಗೆ ಕೂತವರೆಲ್ಲ ಬರೆಯಬೇಕು. ನಲ್ಲಿ ರಿಪೇರಿಗೆ ಬಂದವನೂ ದಣಿವಾರಿಸಿಕೊಳ್ಳಲು ಕೂತ ತಪ್ಪಿಗೆ ಒಂದು ಸಾಲು ಬರೆದೇ ಹೋದನಂತೆ. ನಾನು ಮಾತ್ರ ನೋಡಲು ಬಂದವಳೆಂದು ಜಾರಿಕೊಳ್ಳುತ್ತಿದ್ದೆ. ಕೊನೆಗೆ ಆ ಹುಡುಗಿಯೇ ಎದ್ದು ದೂರು ಕೊಟ್ಟಳು: “ಮಿಸ್, ಅಜ್ಜಿ ದಿನಾ ಬರ್ತಾರೆ, ಒಂದಕ್ಷರಾನೂ ಬರೆಯಲ್ಲ. ನನಗೆ ಮಾತ್ರ ಬರಿ ಬರಿ ಅಂತೀರಿ.”

ನ್ಯಾಯವಾದ ಮಾತು. ಎದ್ದು ಸೀಮೆಸುಣ್ಣ ಹಿಡಿದೆ. ‘ನಮ್ಮ ಮನೆಯ ಗಡಿಯಾರ ಮುಂದೆ ಓಡುತ್ತದೆ’ ಎಂದು ಬರೆದೆ. ಅಕ್ಷರಗಳು ಏರಿಳಿದು ಒಂದರ ಮೇಲೊಂದು ಬಿದ್ದವು. ಯಾರೋ ಕಿಸಕ್ಕೆಂದರು. ಸೊಸೆ ನೆಲ ನೋಡುತ್ತಿದ್ದಳು. ಒರೆಸಿಬಿಡಲು ನಾನು ಬಟ್ಟೆ ಹುಡುಕುವಷ್ಟರಲ್ಲಿ ಹುಡುಗಿ ಕರಿಹಲಗೆಗೆ ಮೂಗು ತಾಗುವಷ್ಟು ಹತ್ತಿರ ಬಂದಿದ್ದಳು.

“ಅಜ್ಜಿ, ನಿಮ್ಮಕ್ಷರ ನನ್ನಕ್ಷರದ ಥರಾನೇ ಇದೆ. ಗಡಿಯಾರ ಯಾಕೆ ಮುಂದೆ ಓಡುತ್ತೆ?”

ನೋಡು, ಅವಳಿಗೆ ಬೇಕಾದದ್ದು ಗಡಿಯಾರದ ಕಾರಣ. ಅದನ್ನು ನೀನೇ ಬರೆ ಎಂದೆ. ತಪ್ಪಾಗುತ್ತದೆ ಎಂದಳು.

“ಆಗಲಿ. ನಾನೂ ಬರೀತೀನಿ. ಯಾರದು ಹೆಚ್ಚು ಸೊಟ್ಟ ನೋಡೇಬಿಡೋಣ.”

ನನ್ನ ಸಾಲಿನ ಕೆಳಗೆ ಅವಳು ಬರೆದಳು: ‘ಅಜ್ಜಿಗೆ ಇಸ್ಕೂಲಿಗೆ ಬರೋಕೆ ಆತುರ.’ ಸೊಟ್ಟತನದಲ್ಲಿ ನಾನೇ ಗೆದ್ದೆ.

ಅಂದಿನಿಂದ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇವೆ. ಮೊನ್ನೆ ಅವಳ ಪುಟ ತುಂಬಿತು. ಅದರಲ್ಲೊಂದು ವಾಕ್ಯ: ‘ಅಪ್ಪನ ಮಿಷನ್ ನಿಂತಾಗ ನಮ್ಮ ಮನೆ ಕೇಳಿಸುತ್ತೆ.’ ನನ್ನ ದುಂಡಕ್ಷರದ ಮಕ್ಕಳಲ್ಲಿ ಯಾರಾದರೂ ಇಂಥದೊಂದು ಬರೆದಿದ್ದರೇ ಎಂದು ಅಂದಿನಿಂದ ನೆನಪು ಕೆದಕುತ್ತಿದ್ದೇನೆ. ಅವಳ ಪುಟದಲ್ಲಿ ಕಾಗುಣಿತದ ತಪ್ಪುಗಳು ಬೇಕಾದಷ್ಟಿದ್ದವು. ಕಣ್ಣಿಗೆ ಬಿದ್ದವು, ಬಾಯಿಗೆ ಬರಲಿಲ್ಲ. ಮುಖ್ಯೋಪಾಧ್ಯಾಯರು ಓದಿ, ಹುಡುಗಿಯನ್ನು ಮೇಲಿನ ತರಗತಿಗೆ ಕಳಿಸಲು ಒಪ್ಪಿದರು.

ನಿನ್ನ ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ಅವರ ಬೆರಳುಗಳಿಗೆ ಅಂಜಿಕೆ ತಟ್ಟದಿರಲಿ.

ನಿನ್ನ
ಅಡಿಕೋಲು

ಸಹಿ ಹಾಕಿದ ಮೇಲೆ ಇನ್ನೊಂದು ಮಾತು: ಕಳೆದ ವರ್ಷ ನನ್ನ ಬಲಗೈ ಸ್ವಾಧೀನ ತಪ್ಪಿತು. ಆಮೇಲೆ ನಿನಗೆ ಬಂದ ಕಾಗದಗಳೆಲ್ಲ ನಾನು ಹೇಳಿ ಸೊಸೆ ಬರೆದವು. ಅಡಿಕೋಲಿಗೂ ಗುಮಾಸ್ತೆ ಬೇಕಾಯಿತೇ ಎಂದು ನೀನು ಚುಡಾಯಿಸಿದಾಗ, ದೊಡ್ಡವರಿಗೆ ಬೇಕಾಗುತ್ತದೆ ಎಂದು ಬರೆಸಿದೆ. ನೀನು ಬರುತ್ತೇನೆಂದಾಗ ಮನೆಗೆ ಬಣ್ಣ ಬಳಿಸುತ್ತಿದ್ದೇವೆಂದು ತಡೆದೆ. ಯಾವ ಬಣ್ಣವೂ ಇಲ್ಲ. ಆ ದುಂಡಕ್ಷರವಿಲ್ಲದ ನಾನು ನಿನ್ನ ಕಣ್ಣಿಗೆ ಬೀಳಲು ನಾಚಿದೆ, ಅಷ್ಟೇ. ಇದು ಎಡಗೈಯ ಬರಹ. ಆ ಬೆಂಚಿನಲ್ಲಿ ಕೂತು ಕಲಿತದ್ದು. ಗೆರೆ ಎಳೆದ ಪದಗಳನ್ನು ಹಾಗೆಯೇ ಬಿಟ್ಟಿದ್ದೇನೆ. ಉಳಿದ ತಪ್ಪುಗಳನ್ನು ಆಮೇಲೆ ತಿದ್ದುವೆಯಂತೆ, ಮೊದಲು ಬಾ.