ರೇಲೀನಳ ಇಪ್ಪತ್ತು ತೋಟಾ

ಅಕ್ಟೋಬರ್ 9, ಬೆಳಿಗ್ಗೆ

ತಂಗಿಯ ಮನೆಗೆ ಇಪ್ಪತ್ತು ತೋಟಾ ಮಾಡಿ ಮುಗಿಸಿದೆ. ಹಿತ್ತಾಳೆ ಖೋಲಿಗೆ ಗುಂಡು ಕೂರಿಸಿ, ಪ್ರೆಸ್ಸಿನ ಅದೇ ಎಳೆತಕ್ಕೆ ಖೋಲಿನ ಬಾಯಿಯನ್ನೂ ಬಿಗಿದೆ. ಒಂದೇ ಏಟು! ಇಡೀ ಮೊಂಟಾನಾದಲ್ಲಿ ಇಂಥ ಇನ್ನೊಬ್ಬನನ್ನು ಯಾರಾದರೂ ತೋರಿಸಲಿ. ಪಕ್ಕದ ಮನೆಯ ಓರಿನ್ ಒಂದೊಂದೇ ಖೋಲಿನ ಉದ್ದ ಅಳೆದು, ಹೆಚ್ಚಿದ್ದನ್ನು ಉಜ್ಜಿ ತೆಗೆಯುತ್ತಾನೆ. ಒಮ್ಮೆ ಕೂರಿಸುತ್ತಾನೆ, ಇನ್ನೊಮ್ಮೆ ಬಿಗಿಯುತ್ತಾನೆ... ಮದುಮಗಳಿಗೆ ಉಂಗುರ ಮಾಡುವವನ ಹಾಗೆ.

ಅಕ್ಟೋಬರ್ 14

ತಂಗಿಯ ಮಗಳು ರೇಲೀನ್ ಬಂದಿದ್ದಳು. ಹನ್ನೊಂದು ವರ್ಷ ಅರ್ಜಿ ಹಾಕಿ ಹಾಕಿ, ಈಗ ಲಾಟರಿಯಲ್ಲಿ ಗಂಡು ಎಲ್ಕ್ ಜಿಂಕೆ ಹೊಡೆಯಲು ಪರವಾನಗಿ ಸಿಕ್ಕಿದೆ.

"ಬೇಜಾರ್ ಮಾಡ್ಕೋಬೇಡ ಮಾಮಾ. ಈ ಸಲ ತೋಟಾ ಓರಿನ್ ಹತ್ರ ಮಾಡಿಸ್ದೆ."

"ಯಾಕೆ, ನನ್ನ ಕೈಗೆ ಲಕ್ವಾ ಹೊಡೆದಿದ್ಯಾ?"

"ಅವನವು ಎಲ್ಲಾ ಒಂದೇ ಥರ ಇರ್ತಾವೆ. ನನ್ನ ಬಂದೂಕಿಗೆ ಹಾಕಿ ನೋಡೇ ಕೊಟ್ಟ."

ನಕ್ಕೆ. ಅವಳ ತಟ್ಟೆಗೆ ಇನ್ನೊಂದು ಆಲೂಗಡ್ಡೆ ಹಾಕಿದೆ. ಹದಿನೆಂಟು ವರ್ಷ ಆ ಮನೆಗೆ ತೋಟಾ ಮಾಡಿದವನು ನಾನು.

ಅಕ್ಟೋಬರ್ 15

ತಂಗಿಯ ಮನೆಗೆ ಕಾಫಿಗೆ ಹೋದೆ. ಮೇಜಿನ ಮೇಲೆ ಓರಿನ್‌ನ ಡಬ್ಬಿ. ಹಾಳಾದವನ ಕೈ, ಇಪ್ಪತ್ತೂ ಅವಳಿಜವಳಿ! ರೇಲೀನ್ ಬೂಟು ಹುಡುಕಲು ಒಳಗೆ ಹೋದಳು. ಅವನವು ನನ್ನ ಜೇಬಿಗೆ, ಜೇಬಿನಲ್ಲಿ ತಂದಿದ್ದ ನನ್ನವು ಡಬ್ಬಿಗೆ. ಎಲ್ಕ್ ಬೀಳಲಿ. ಊರೆಲ್ಲ ಓರಿನ್‌ನನ್ನು ಹೊಗಳಲಿ. ಆಮೇಲೆ ಹೇಳುತ್ತೇನೆ, ಯಾರ ತೋಟಾ ಅಂತ.

ಅಕ್ಟೋಬರ್ 27

ರೇಲೀನ್ ಬರಿಗೈಲಿ ಬೆಟ್ಟ ಇಳಿದಳು. ಎಲ್ಕ್ ಐವತ್ತು ಗಜದಲ್ಲಿ ನಿಂತಿತ್ತಂತೆ. ತೋಟಾ ಅರ್ಧಕ್ಕೇ ಸಿಕ್ಕಿಕೊಂಡಿತು, ಬಂದೂಕಿನ ಲಿವರ್ ಮುಚ್ಚಲಿಲ್ಲ. ಇನ್ನೊಂದು ಹಾಕಿದಳು—ಅದೂ ಹಾಗೆಯೇ. ಖೋಲು ಕೂದಲೆಳೆಯಷ್ಟು ಹೆಚ್ಚು ಉದ್ದವಿದ್ದರೂ, ಬಾಯಿ ಬಿಗಿಯುವಾಗ ಅದರ ಕತ್ತಿನ ಕೆಳಗಿನ ಹೆಗಲು ಉಬ್ಬಿ ಬಂದೂಕಿನೊಳಗೆ ಕೂರುವುದಿಲ್ಲ. ಗೊತ್ತಿದ್ದ ವಿಷಯವೇ. ನಾನು ಅಳೆದಿರಲಿಲ್ಲ.

ಓರಿನ್‌ನ ಗ್ಯಾರೇಜಿಗೆ ನುಗ್ಗಿದಳು. ನಾನೂ ಹಿಂದೆ.

"ಹನ್ನೊಂದು ವರ್ಷ ಕಣೋ! ನಿನ್ನ ನಂಬಿ ಕೆಟ್ಟೆ!"

ಓರಿನ್ ಒಂದು ತೋಟಾ ಬೆಳಕಿಗೆ ಹಿಡಿದ. ಅದರ ಹೆಗಲ ಮೇಲೆ ಬೆರಳಾಡಿಸಿದ. ನನ್ನ ಮುಖ ನೋಡಿದ.

"ತಪ್ಪು ನಂದೇ ತಾಯಿ. ಸೀಸನ್ ಇನ್ನೂ ನಾಲ್ಕು ವಾರ ಇದೆಯಲ್ಲ, ಬೇರೆ ಮಾಡ್ಕೊಡ್ತೀನಿ."

ದೊಡ್ಡ ಮನಸ್ಸೂ ಇವನಿಗೇ ಬೇಕಿತ್ತೇ?

"ನೀನು ಮುಟ್ಟಲೇಬೇಡ. ನನ್ನ ಮಾಮ ಮಾಡ್ಕೊಡ್ತಾನೆ."

ಅಕ್ಟೋಬರ್ 28, ಬೆಳಿಗ್ಗೆ 8

ಇವತ್ತು ಹೇಳಿಬಿಡಬೇಕು. ರೇಲೀನ್ ಬಂದಿದ್ದಾಳೆ. ಬಾಗಿಲ ಹೊರಗೆ ನಿಂತು ಫೋನಿನಲ್ಲಿ ಅಮ್ಮನ ಜೊತೆ ಮಾತು—"ಆ ಓರಿನ್ ಬರೀ ಬಡಾಯಿ ಕಣಮ್ಮ. ನಮ್ಮ ಮಾಮನ ಕೈ ಮುಂದೆ ಅವನೇನು..."

ಕೇಳಲು ಎಷ್ಟು ಹಿತ. ಇನ್ನೊಂದು ನಿಮಿಷ ಬೈಯಲಿ, ಆಮೇಲೆ ಹೇಳುತ್ತೇನೆ.