ದೊಡ್ಡಪ್ಪ ಆರಿಸಿದ ಯೂನಿವರ್ಸಿಟಿ

ಧಾರವಾಡ, 12-7-1978

ನ್ಯಾಮತಿಯ ಅಪ್ಪಾಜಿಗೆ ಮಗಳ ಶರಣು.

ಮೈಸೂರು, ಧಾರವಾಡ ಎರಡೂ ಯೂನಿವರ್ಸಿಟಿ ನೋಡಿದೆವು. ಹುಡುಗರು ಎಲ್ಲಿ ಸಭ್ಯರೋ ಅಲ್ಲಿಗೆ ನನ್ನನ್ನು ಎಂ.ಎ.ಗೆ ಸೇರಿಸಲು ನೀವು ದೊಡ್ಡಪ್ಪನಿಗೆ ಹೇಳಿದ್ದಿರಿ. ಮೈಸೂರಿನಲ್ಲಿ ಎಲ್ಲರೂ ಕೈಮುಗಿದು, ಸುಮ್ಮನೆ ದಾರಿ ಬಿಟ್ಟರು. ಇಲ್ಲಿ ಹುಡುಗ ಹುಡುಗಿಯರು ಮರದಡಿ ಸೇರಿ, ಹೆಣ್ಣುಮಕ್ಕಳನ್ನು ಪರ ಊರಿಗೆ ಓದಲು ಕಳಿಸಬೇಕೇ ಎಂದು ವಾದಿಸುತ್ತಿದ್ದರು. ನೀವೂ ಮಾತಾಡಿ ಎಂದು ದೊಡ್ಡಪ್ಪನನ್ನು ಕಟ್ಟೆ ಹತ್ತಿಸಿದರು.

"ಕಳಿಸಾಕೇ ಕೂಡದು ಕಣ್ರಿ!" ಎಂದು ಅವರು ಅರ್ಧ ತಾಸು ಗುಡುಗಿದರು. ಹುಡುಗಿಯರೇ ಮೊದಲು ಚಪ್ಪಾಳೆ ತಟ್ಟಿದರು. ದೊಡ್ಡಪ್ಪ ಉಬ್ಬಿಹೋಗಿ, "ಹಿರೇರ ಮಾತು ಕೇಳೋ ಮಕ್ಳು ಇಲ್ಲೇ ಅದಾರೆ. ನೀನು ಇಲ್ಲೇ ಓದವ್ವ" ಎಂದವರೇ ನನ್ನನ್ನು ಸೇರಿಸಿಬಿಟ್ಟರು.

ಕೂಗಿ ಕೂಗಿ ಅವರ ಗಂಟಲು ಕಟ್ಟಿದೆ, ಅವ್ವ ಮೆಣಸಿನ ಕಷಾಯ ಮಾಡಿಡಲಿ. ಕಾರ್ಡಿನಲ್ಲಿ ಜಾಗವಿಲ್ಲ. ಶನಿವಾರ ಅವರೊಬ್ಬರೇ ಬರುತ್ತಾರೆ.

ಸರ್ವಮಂಗಳಾ