ಪಾರ್ಲರಿನವಳ ಮಾತ್ರೆ

ಜೂನ್ 3, ಸೋಮವಾರ
ಬೆಳಿಗ್ಗೆಯಿಂದ ಐಬ್ರೋ ಮೇಲೆ ಐಬ್ರೋ. ಹೋದ ತಿಂಗಳು ಹಾಸಿಗೆ ಬಿಟ್ಟು ಏಳಲಾಗದೆ ಪಾರ್ಲರ್ ಶಟರ್ ಎಳೆದು ಮುಚ್ಚಿದ್ದವಳು ನಾನೇನಾ? ಹುಬ್ಬು ತೀಡೋ ದಾರ ಹಲ್ಲಲ್ಲಿ ಕಚ್ಚಿದರೆ ಬಾಯೆಲ್ಲ ಒಣ ಒಣ. ಕೈ ಬೇರೆ ಸಣ್ಣಗೆ ನಡುಕ. ಡಿಪ್ರೆಶನ್ ಮಾತ್ರೆ ಶುರುವಾಗಿ ಒಂದು ವಾರ. ಮೊದಮೊದಲು ಹೀಗೇ, ಗುಣ ಕಾಣೋಕೆ ತಿಂಗಳಾದರೂ ಬೇಕು ಅಂದಿದ್ದಾರೆ ಡಾಕ್ಟರಮ್ಮ. ಬ್ಯಾಂಕಿನ ಮೇಡಂಗೆ ಎಡ ಹುಬ್ಬು ಒಂದೆಳೆ ತೆಳ್ಳಗಾಯಿತು. "ಈಗ ಇದೇ ಸ್ಟೈಲು" ಅಂದೆ. ನಂಬಿದರು! ಬಾಯಿ ಒಣಗಿದರೂ ಬಡಾಯಿ ಒಣಗಿಲ್ಲ.

ಜೂನ್ 9, ಭಾನುವಾರ
ಅಮ್ಮನ ಫೋನ್. "ನಮ್ಮನೇಲಿ ಯಾರಿಗೂ ಇಂಥ ಕಾಯಿಲೆ ಇರ್ಲಿಲ್ಲ ಕಣೇ."
ಇರಲಿಲ್ಲವಂತೆ! ಒಂದು ಲೋಟ ಬಿದ್ದರೆ ಸೂರು ಹಾರಿಹೋಗುವ ಹಾಗೆ ಕಿರುಚುತ್ತಿದ್ದವಳು ಯಾರು? ಬೀರುವಿನ ಹಿಂದೆ ಉಸಿರು ಬಿಗಿಹಿಡಿದು ಕೂರುತ್ತಿದ್ದವಳು ನಾನು. ಚಿಕ್ಕಂದಿನಲ್ಲಿ ದಿನಾ ಹೆದರಿದ ಮೈ ಹೆದರಿಕೆಯನ್ನೇ ರೂಢಿ ಮಾಡಿಕೊಂಡುಬಿಡುತ್ತೆ ಅಂತಾರೆ ಡಾಕ್ಟರಮ್ಮ. ಸದ್ದಾದರೆ ಇವತ್ತಿಗೂ ಬೆಚ್ಚಿಬೀಳುತ್ತೇನೆ. ಬೆಚ್ಚಿದರೆ ಕಿರುಚುತ್ತೇನೆ. ಈಗ ನನ್ನ ಮಗಳು ಪುಟ್ಟಿ ಅಡಗೋಕೆ ಜಾಗ ಹುಡುಕುತ್ತಾಳೆ. ಅದು ನಿಲ್ಲಬೇಕು. ಮಾತ್ರೆ ಅದಕ್ಕೇ.

ಆಗಸ್ಟ್ 20, ಮಂಗಳವಾರ
ಎಷ್ಟು ದಿನವಾಯಿತು ಬರೆದು! ನಿದ್ದೆ ಬರುತ್ತಿದೆ, ಹಸಿವಾಗುತ್ತಿದೆ. ಕೈ ನಡುಕ ಮಾಯ — ಐಲೈನರ್ ಒಂದೇ ಎಳೆತಕ್ಕೆ. ಗುಣವಾದ ಮೇಲೆ ಮಾತ್ರೆ ಯಾಕೆ? ನಿಲ್ಲಿಸಿದೆ. ಯಾರನ್ನೂ ಕೇಳಲಿಲ್ಲ. ನಾನೇನು ಸಾಮಾನ್ಯಳಾ!

ಆಗಸ್ಟ್ 24, ಶನಿವಾರ
ತಲೆ ತಿರುಗಿಸಿದರೆ ಒಳಗೆ ಝುಂ ಅಂತ ಕರೆಂಟ್ ಹೊಡೆದ ಹಾಗೆ. ಪುಟ್ಟಿ ಬಾಗಿಲು ಧಡ್ ಅನ್ನಿಸಿದ್ದಕ್ಕೆ ಕಿರುಚಿಬಿಟ್ಟೆ. ಥೇಟ್ ಅಮ್ಮನ ದನಿ. ಮಗು ಮೇಜಿನ ಕೆಳಗೆ ಹೋಗಿ ಕೂತಳು. ಎಷ್ಟು ಕರೆದರೂ ಬರಲಿಲ್ಲ. ನನಗೆ ಅಳು.
ಡಾಕ್ಟರಮ್ಮ ಫೋನಲ್ಲೇ ಉಗಿದರು. "ದಿಢೀರ್ ಅಂತ ನಿಲ್ಸೋದಾ? ಬಿಡೋ ಕಾಲ ಬಂದಾಗ ನಾನೇ ಸ್ವಲ್ಪಸ್ವಲ್ಪ ಕಮ್ಮಿ ಮಾಡ್ತೀನಿ. ಇವತ್ತಿಂದಾನೇ ಮತ್ತೆ ತಗೊಳ್ಳಿ." ನುಂಗಿದೆ. ಜಂಬವನ್ನೂ.

ಅಕ್ಟೋಬರ್ 6, ಭಾನುವಾರ, ಸಂಜೆ
ಮಾತ್ರೆ ಈಗ ಪಾರ್ಲರಿನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಿದ್ದೇನೆ. ಬ್ಯಾಂಕಿನ ಮೇಡಂ ಏನದು ಅಂದರು, ಹೇಳಿದೆ. ಹೋಗುವಾಗ ಡಾಕ್ಟರಮ್ಮನ ನಂಬರ್ ಕೇಳಿದರು.
ಇವತ್ತು ಮಧ್ಯಾಹ್ನ ಪಾರ್ಲರಿನ ಒಳಕೋಣೆಯಲ್ಲಿ ಫಳ್ ಅಂತ ಸದ್ದು. ಬೆಚ್ಚಿದೆ, ನಿಜ. ಬಾಯಿ ಮಾತ್ರ ತೆರೆಯಲಿಲ್ಲ. ಎಲ್ಲಿ ಅಡಗಿದಳೋ ಅಂತ ಏಳುವಷ್ಟರಲ್ಲಿ ಪುಟ್ಟಿಯೇ ಬಂದಳು. ಕೈಯಲ್ಲಿ ಕೈಗನ್ನಡಿಯ ಬರೀ ಹಿಡಿ.
"ಅಮ್ಮಾ, ನನ್ ಕೈಯಿಂದ ಒಡೆದೋಯ್ತು."
ಅಡಗಬೇಕು ಅಂತ ಅವಳಿಗೆ ಹೊಳೆಯಲೇ ಇಲ್ಲ! ಒಡೆದವಳು ನೆಟ್ಟಗೆ ನನ್ನ ಹತ್ತಿರವೇ ಬಂದಳು. ಗಾಜು ಗುಡಿಸುತ್ತಾ ನಾನು ಬೀಗಿದ ಹಾಗೆ ಯಾವ ಮದುವೆ ಹೆಣ್ಣೂ ಬೀಗಿರಲಿಕ್ಕಿಲ್ಲ.
ಇದನ್ನು ಬರೆಯುತ್ತಿರುವಾಗಲೇ ಮತ್ತೆ ಕೂಗು — "ಅಮ್ಮಾ, ಪೌಡರ್ ಡಬ್ಬಾನೂ ಬಿತ್ತು!"
ಬೀಳಲಿ ಬಿಡು, ನಾನು ಬಂದೆ ಪುಟ್ಟಿ.